ಅಜ್ಜನ ಫಿಲ್ಮ್ ರೀಲುಗಳಿಂದ ಕುಟುಂಬದ ಸಾಕ್ಷ್ಯಚಿತ್ರ: ಈ ಕಥೆ ಹೇಳುವ ಹಕ್ಕು ಯಾರದು?

ಪ್ರಶ್ನೆ: ಹಳೆ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ, ಅಂದರೆ ತಂದೆಯ ತಂದೆ, ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ 14 ಸಣ್ಣ ಫಿಲ್ಮ್ ರೀಲುಗಳೂ ಆರು ಆಡಿಯೋ ಕ್ಯಾಸೆಟ್‌ಗಳೂ ಸಿಕ್ಕವು. ಪರಿಚಯದವರೊಬ್ಬರ ಹಳೆಯ ಪ್ರೊಜೆಕ್ಟರಿನಲ್ಲಿ ಮೂರು ರೀಲುಗಳನ್ನು ಗೋಡೆಯ ಮೇಲೆ ಓಡಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ. ಅವುಗಳಲ್ಲಿ ಎರಡರಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಂಗಸು ಮತ್ತೆ ಮತ್ತೆ ಕಾಣಿಸುತ್ತಾರೆ, ಮಗುವನ್ನು ಎತ್ತಿಕೊಂಡು ನಗುತ್ತಾರೆ, ಕ್ಯಾಮೆರಾದತ್ತ ಬಂದು ಲೆನ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ. ಮೂರನೆಯ ರೀಲಿನಲ್ಲಿ ಮಕ್ಕಳು ಬೆಳೆದಿದ್ದಾರೆ, ಮನೆಯವರೆಲ್ಲ ಇದ್ದಾರೆ, ಆದರೆ ಅವರಿಲ್ಲ.

ತಂದೆಯನ್ನು ಕೇಳಿದಾಗ ಮೊದಲು ‘ಯಾರೋ ನೆಂಟರು’ ಎಂದರು. ಅವರಿಗಿಂತ ನಾಲ್ಕು ವರ್ಷ ದೊಡ್ಡವರಾದ ನನ್ನ ಸೋದರತ್ತೆ ಮಾತ್ರ ನಿಜ ಹೇಳಿದರು: ಅವರು ಅಜ್ಜನ ಸ್ವಂತ ತಂಗಿ. ತಂದೆಗೆ ಆರು ವರ್ಷವಾಗಿದ್ದಾಗ ಮನೆ ಬಿಟ್ಟು ಹೋದರು, ಆ ಬಳಿಕ ಮನೆಯಲ್ಲಿ ಯಾರೂ ಅವರ ಹೆಸರೆತ್ತಲಿಲ್ಲ. ಅವರಾಗಿಯೇ ನಂಟು ಕಡಿದುಕೊಂಡರೆಂದು ತಂದೆ ಈಗ ಹೇಳುತ್ತಾರೆ, ಅಜ್ಜನೇ ಬಾಗಿಲು ಮುಚ್ಚಿದರೆಂದು ಅತ್ತೆ ಹೇಳುತ್ತಾರೆ, ಅಜ್ಜನ ಗೆಳೆಯರೊಬ್ಬರ ಪ್ರಕಾರ ಜಗಳವೇ ನಡೆದಿರಲಿಲ್ಲ. ಅಜ್ಜನ ತಂಗಿಯ ಮಕ್ಕಳು ಎಲ್ಲೋ ಇದ್ದಾರೆಂಬುದು ಮಾತ್ರ ಖಚಿತ.

ಇದನ್ನು ಸುಮಾರು 40 ನಿಮಿಷಗಳ ಸಾಕ್ಷ್ಯಚಿತ್ರವಾಗಿ ಮಾಡಬೇಕೆಂಬುದು ನನ್ನ ಆಸೆ. ಅತ್ತೆ ಕ್ಯಾಮೆರಾದ ಮುಂದೆ ಮಾತನಾಡಲು ಸಿದ್ಧರಿದ್ದಾರೆ. ತಂದೆ ‘ಮನೆಯ ಮಾತು ನಾಲ್ಕು ಜನರ ಮುಂದೆ ಬೇಡ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಒಬ್ಬರು ಒಪ್ಪಿ ಒಬ್ಬರು ಒಪ್ಪದಿರುವಾಗ, ಮತ್ತು ಯಾರ ಕಥೆಯೋ ಅವರೇ ಇಲ್ಲದಿರುವಾಗ, ಇದನ್ನು ಹೇಳುವ ಹಕ್ಕು ನನಗಿದೆಯೇ? ಅವರು ಮನೆ ಬಿಟ್ಟ ದಿನದ ಒಂದು ಚಿತ್ರವೂ ಇಲ್ಲದಿರುವಾಗ ಅದನ್ನು ತೆರೆಯ ಮೇಲೆ ಹೇಗೆ ತರುವುದು? ನಾನೇ ಚಿತ್ರದೊಳಗೆ ಬರಬೇಕೇ, ಅಥವಾ ಹೊರಗೆ ನಿಲ್ಲುವುದು ಮರ್ಯಾದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಎಂಟು ಮಿಲಿಮೀಟರ್

ನಿಮ್ಮ ಮೂರು ಪ್ರಶ್ನೆಗಳಿಗೂ ಮೊದಲು ಒಂದು ಕೋರಿಕೆ ಇದೆ. ಉಳಿದ ಹನ್ನೊಂದು ರೀಲುಗಳನ್ನು ದಯವಿಟ್ಟು ಪ್ರೊಜೆಕ್ಟರಿಗೆ ಹಾಕಬೇಡಿ. ದಶಕಗಳ ಕಾಲ ಸುತ್ತಿಟ್ಟ ಫಿಲ್ಮ್ ಒಣಗಿ ಕುಗ್ಗಿರುತ್ತದೆ, ಅದರ ಅಂಚಿನ ರಂಧ್ರಗಳು ಯಂತ್ರದ ಹಲ್ಲಿಗೆ ಸರಿಹೊಂದದೆ ಹರಿಯುತ್ತವೆ, ಎಲ್ಲಾದರೂ ಒಂದು ಕ್ಷಣ ಸಿಕ್ಕಿಕೊಂಡರೆ ದೀಪದ ಶಾಖಕ್ಕೆ ಆ ಚೌಕಟ್ಟು ಸುಟ್ಟೇ ಹೋಗುತ್ತದೆ. ಡಬ್ಬಿಯನ್ನು ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದೇ ಅರ್ಥ. ಒಂದು ರೀಲು ಬಿಡುವ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುವುದರಿಂದ ಅಂಥವನ್ನು ಬೇರೆ ಇಡಿ, ಎಲ್ಲವನ್ನೂ ತಂಪಾದ ಒಣ ಜಾಗದಲ್ಲಿರಿಸಿ. ಒಂದೊಂದು ಚೌಕಟ್ಟನ್ನೂ ಪ್ರತ್ಯೇಕ ಚಿತ್ರವಾಗಿ ಸೆರೆಹಿಡಿಯುವ ಸ್ಕ್ಯಾನಿಂಗ್ ಮಾಡಿಸಿ. ಗೋಡೆಯ ಮೇಲಿನ ಬಿಂಬವನ್ನು ಮೊಬೈಲಿನಲ್ಲಿ ಹಿಡಿದರೆ ಮಿನುಗುವಿಕೆ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ಕ್ಯಾಸೆಟ್‌ಗಳ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಕಿವಿಯನ್ನು ಮುರಿದುಬಿಡಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿ ಹೋಗುವುದಿಲ್ಲ.

ನಿಮ್ಮ ರೀಲುಗಳು ಯಾವ ಬಗೆಯವೆಂದು ನೋಡಿಕೊಳ್ಳುವುದೂ ಅಗತ್ಯ. 1932ರಲ್ಲಿ ಬಂದ ಮೊದಲ ಎಂಟು ಮಿಲಿಮೀಟರ್ ಫಿಲ್ಮಿನ ರಂಧ್ರಗಳು ದೊಡ್ಡವು, ಅವು ಎರಡು ಚೌಕಟ್ಟುಗಳ ನಡುವಿನ ಗೆರೆಯ ನೇರಕ್ಕಿರುತ್ತವೆ. 1965ರಲ್ಲಿ ಬಂದ ಸೂಪರ್ ಎಂಟರಲ್ಲಿ ಅವು ಚಿಕ್ಕವು, ಚೌಕಟ್ಟಿನ ಮಧ್ಯದ ಪಕ್ಕಕ್ಕಿರುತ್ತವೆ. ಹಳೆಯ ಬಗೆಯದಾದರೆ ಸೆಕೆಂಡಿಗೆ ಹದಿನಾರು ಚೌಕಟ್ಟುಗಳ ಲೆಕ್ಕದಲ್ಲಿ ಓಡಿಸಬೇಕು, ಈಗಿನ ವೇಗದಲ್ಲಿ ಓಡಿಸಿದರೆ ನಿಮ್ಮ ಮನೆಯವರೆಲ್ಲ ಹಾಸ್ಯಚಿತ್ರದ ಪಾತ್ರಗಳಂತೆ ದಡಬಡಿಸುತ್ತಾರೆ. ಆ ವೇಗದಲ್ಲಿ 50 ಅಡಿಯ ಒಂದು ರೀಲು ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು, ಎಂದರೆ ನಿಮ್ಮ ಹದಿನಾಲ್ಕೂ ಸೇರಿ ಒಂದು ಗಂಟೆಯೂ ಆಗದು.

ಹಳೆಯ ಬಗೆಯ ಇನ್ನೊಂದು ಸ್ವಭಾವವನ್ನು ಹೇಳಲೇಬೇಕು. ಕ್ಯಾಮೆರಾಕ್ಕೆ ಹಾಕುತ್ತಿದ್ದುದು ಹದಿನಾರು ಮಿಲಿಮೀಟರ್ ಅಗಲದ, 25 ಅಡಿ ಉದ್ದದ ಸುರುಳಿ. ಒಂದು ಅರ್ಧಕ್ಕೆ ಚಿತ್ರ ತೆಗೆದು, ಸುರುಳಿಯನ್ನು ಹೊರತೆಗೆದು ಮಗುಚಿ ಹಾಕಿ, ಇನ್ನೊಂದು ಅರ್ಧಕ್ಕೆ ತೆಗೆಯುತ್ತಿದ್ದರು. ಸಂಸ್ಕರಣೆಯಾದ ಮೇಲೆ ಉದ್ದಕ್ಕೆ ಸೀಳಿ ಎರಡು ತುಂಡುಗಳನ್ನೂ ಜೋಡಿಸುತ್ತಿದ್ದರು. ಮಗುಚುವಾಗ ಬೆಳಕು ತಾಗುವುದರಿಂದ ರೀಲಿನ ನಟ್ಟನಡುವೆ ಕಿತ್ತಳೆಯೋ ಬಿಳಿಯೋ ಆದ ಒಂದು ಹೊಳಪು ಬರುತ್ತದೆ. ಆ ಹೊಳಪಿನ ಹಿಂದಿನ ದೃಶ್ಯಕ್ಕೂ ಮುಂದಿನ ದೃಶ್ಯಕ್ಕೂ ನಡುವೆ ಐದು ನಿಮಿಷ ಕಳೆದಿರಬಹುದು, ಐದು ತಿಂಗಳೂ ಕಳೆದಿರಬಹುದು. ‘ಕೆಟ್ಟ ಭಾಗ’ವೆಂದು ಅದನ್ನು ಕತ್ತರಿಸಿ ಎಸೆಯುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಡಬ್ಬಿಯ ಮೇಲಿನ ಕೈಬರಹವನ್ನೂ ಫೋಟೊ ತೆಗೆದಿಡಿ.

ಕೊನೆಗೊಂದು ಪ್ರಶ್ನೆ. ಮನೆಯ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದವರು ಎಂದೂ ಕಾಣುವುದಿಲ್ಲ. ಯಾವುದಾದರೂ ರೀಲಿನಲ್ಲಿ ನಿಮ್ಮ ಅಜ್ಜ ಕಾಣಿಸಿಕೊಂಡಿದ್ದಾರೆಯೇ? ಕಾಣಿಸಿಕೊಂಡಿದ್ದರೆ ಆ ಹೊತ್ತಿನಲ್ಲಿ ಕ್ಯಾಮೆರಾ ಯಾರ ಕೈಯಲ್ಲಿತ್ತು?

ಉತ್ತರ: ಸಂಕಲನದ ಮೇಜು

ಹಲವು ವರ್ಷ ಸಾಕ್ಷ್ಯಚಿತ್ರಗಳ ಸಂಕಲನ ಮಾಡಿದವನಾಗಿ ಹೇಳುತ್ತೇನೆ: ಮೂವರು ಮೂರು ಬಗೆಯಾಗಿ ಹೇಳುತ್ತಿರುವುದನ್ನು ನೀವು ತೊಡಕೆಂದು ಭಾವಿಸಿದ್ದೀರಿ, ನನ್ನ ದೃಷ್ಟಿಯಲ್ಲಿ ನಿಮ್ಮ ಚಿತ್ರವಿರುವುದೇ ಅಲ್ಲಿ. ಅಜ್ಜನ ತಂಗಿ ಏಕೆ ಹೋದರೆಂಬುದನ್ನು ಪತ್ತೆಹಚ್ಚಲು ಹೊರಟರೆ ಅದು ಪೊಲೀಸ್ ತನಿಖೆಯಂತಾಗುತ್ತದೆ, ಕೊನೆಯಲ್ಲಿ ಉತ್ತರ ಸಿಗದೆ ಪ್ರೇಕ್ಷಕರು ಮೋಸಹೋದಂತೆ ಎದ್ದು ಹೋಗುತ್ತಾರೆ. ಒಂದೇ ಮನೆಯಲ್ಲಿ ಬೆಳೆದ ಅಕ್ಕ ಮತ್ತು ತಮ್ಮ ಒಂದೇ ದಿನವನ್ನು ಎರಡು ಬೇರೆ ದಿನಗಳಾಗಿ ಏಕೆ ನೆನಪಿಟ್ಟುಕೊಂಡಿದ್ದಾರೆ ಎಂದು ಕೇಳಿದರೆ ನಿಮ್ಮ ಬಳಿ ಉತ್ತರಕ್ಕೆ ಬೇಕಾದ ಸಾಮಗ್ರಿ ಈಗಲೇ ಇದೆ.

ಹಕ್ಕಿನ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡ ಚಿತ್ರವೊಂದಿದೆ. ಕೆನಡಾದ ಸಾರಾ ಪಾಲಿ 2012ರಲ್ಲಿ ಮಾಡಿದ ‘ಸ್ಟೋರೀಸ್ ವಿ ಟೆಲ್’ನಲ್ಲಿ, ತಾನು ಹನ್ನೊಂದು ವರ್ಷದವಳಿದ್ದಾಗ ತೀರಿಕೊಂಡ ತಾಯಿಯ ಬಗ್ಗೆ ಅಣ್ಣಂದಿರು, ಅಕ್ಕಂದಿರು, ಗೆಳೆಯರು, ಸಾಕಿದ ತಂದೆ, ಜನ್ಮ ಕೊಟ್ಟ ತಂದೆ ಹೀಗೆ ಎಲ್ಲರನ್ನೂ ಮಾತನಾಡಿಸುತ್ತಾರೆ. ಜನ್ಮ ಕೊಟ್ಟ ತಂದೆ ಅದನ್ನು ಒಪ್ಪುವುದಿಲ್ಲ, ಪ್ರೇಮಿಸಿದ ಇಬ್ಬರಿಗೆ ಮಾತ್ರ ಆ ಕಥೆಯ ಮೇಲೆ ನಿಜವಾದ ಅಧಿಕಾರವಿದೆ, ಎಲ್ಲರ ಮಾತಿಗೂ ಸಮಾನ ತೂಕ ಕೊಟ್ಟರೆ ಸತ್ಯದ ತಳ ಸಿಗುವುದಿಲ್ಲ ಎಂಬುದು ಅವರ ವಾದ. ಪಾಲಿ ಆ ವಾದವನ್ನು ಕತ್ತರಿಸಿ ಹಾಕದೆ ಚಿತ್ರದೊಳಗೇ ಇಟ್ಟುಕೊಂಡರು. ನಿರೂಪಣೆಯನ್ನು ತಾವು ಓದದೆ, ಸಾಕಿದ ತಂದೆಯೇ ಬರೆದದ್ದನ್ನು ಅವರಿಂದಲೇ ಓದಿಸಿದರು. ಹಕ್ಕು ಯಾರದೆಂದು ತೀರ್ಪು ಕೊಡದೆಯೂ ಒಂದು ಚಿತ್ರವನ್ನು ಮುಗಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ತಂದೆಯ ‘ಬೇಡ’ ಎಂಬ ಮಾತೂ ಕಚ್ಚಾ ಸಾಮಗ್ರಿಯೇ. ಅಲನ್ ಬರ್ಲಿನರ್ 1996ರಲ್ಲಿ ‘ನೋಬಡೀಸ್ ಬಿಸಿನೆಸ್’ ಮಾಡಿದಾಗ ಅವರ ತಂದೆ ತಮ್ಮ ಬದುಕಿನಲ್ಲಿ ಚಿತ್ರ ಮಾಡುವಂಥದ್ದೇನೂ ಇಲ್ಲ, ಪೂರ್ವಜರ ವಿಚಾರ ತಮಗೆ ಬೇಕಾಗಿಯೇ ಇಲ್ಲ ಎಂದು ಉದ್ದಕ್ಕೂ ವಾದಿಸುತ್ತಾರೆ. ಮಗ ಆ ಜಟಾಪಟಿಯ ನಡುನಡುವೆ ಬಾಕ್ಸಿಂಗ್ ಪಂದ್ಯದ ಹಳೆಯ ದೃಶ್ಯಗಳನ್ನು ಹಾಕುತ್ತಾ ಹೋಗುತ್ತಾರೆ. ನಿಮ್ಮ ತಂದೆಯ ನಿರಾಕರಣೆಯನ್ನೂ ದಾಖಲಿಸಿಕೊಳ್ಳಿ.

ನೀವು ಒಳಗೆ ಬರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು, ಆದರೆ ಮಿತವಾಗಿ. ನೀವು ಕೇಳುವ ಪ್ರಶ್ನೆ ಕೇಳಿಸಲಿ. ನಿಮ್ಮ ಕಣ್ಣೀರು ಕಾಣಿಸಬೇಕಾಗಿಲ್ಲ.

ಉತ್ತರ: ಚೌಕಟ್ಟಿನೊಳಗಿದ್ದವಳು

ಮೇಲಿನವರು ಬಲ್ಲವರಾಗಿ ಬರೆದಿದ್ದಾರೆ, ಆದರೂ ನಾನು ಒಪ್ಪುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಬಂಧುವೊಬ್ಬರು ಇಂಥದ್ದೇ ಚಿತ್ರ ಮಾಡಿದರು, ಅದರಲ್ಲಿ ಮಾತನಾಡಿದವರಲ್ಲಿ ನಾನೂ ಒಬ್ಬಳು. ಒಪ್ಪಿಗೆ ಕೊಟ್ಟೇ ಮಾತನಾಡಿದ್ದೆ, ಕಾಗದಕ್ಕೆ ಸಹಿಯನ್ನೂ ಹಾಕಿದ್ದೆ. ಆದರೆ ಬಹಳ ದಿನಗಳಿಂದ ಬಲ್ಲವರೊಡನೆ ನಮ್ಮದೇ ಕೋಣೆಯಲ್ಲಿ ಕುಳಿತು ಆಡಿದ ಮಾತು, ಇನ್ನೂರು ಅಪರಿಚಿತರು ಕತ್ತಲೆಯಲ್ಲಿ ಕುಳಿತು ಕೇಳಿಸಿಕೊಳ್ಳುವಾಗ ಅದೇ ಮಾತಾಗಿ ಉಳಿಯುವುದಿಲ್ಲ. ನನ್ನ ಅಮ್ಮನ ಬಗ್ಗೆ ನಾನು ಎರಡು ಗಂಟೆ ಮಾತನಾಡಿದ್ದೆ. ಉಳಿದದ್ದು ಐವತ್ತು ಸೆಕೆಂಡು, ಅದೂ ನಾನು ತಡವರಿಸಿ ಸುಮ್ಮನಾದ ಭಾಗ. ನನ್ನ ಮಾತಿನಲ್ಲಿ ಒಂದಕ್ಷರವನ್ನೂ ಅವರು ತಿರುಚಿರಲಿಲ್ಲ, ಆದರೂ ಹಾಗೆ ಕಂಡವಳು ನಾನಲ್ಲ ಎನಿಸಿತು.

ತಂದೆಯ ‘ಬೇಡ’ವನ್ನು ಸಾಮಗ್ರಿ ಎಂದು ಕರೆಯುವುದು ನನಗೆ ಕ್ರೂರವಾಗಿ ಕೇಳಿಸುತ್ತದೆ. ಬರ್ಲಿನರ್ ಅವರ ತಂದೆ ಜಗಳವಾಡುತ್ತಲೇ ಮಗನ ಎದುರು ಕುಳಿತಿದ್ದರು. ಕುಳಿತುಕೊಳ್ಳುವುದೂ ಒಂದು ಬಗೆಯ ಒಪ್ಪಿಗೆಯೇ. ನಿಮ್ಮ ತಂದೆ ಇನ್ನೂ ಕುಳಿತಿಲ್ಲ, ಅವರು ಬೇಡವೆಂದ ಕ್ಷಣವನ್ನು ಕದ್ದು ರೆಕಾರ್ಡ್ ಮಾಡಿಕೊಂಡರೆ ಚಿತ್ರ ಮುಗಿದ ಮೇಲೆ ನಿಮಗೆ ಉಳಿಯುವುದು ಚಿತ್ರ ಮಾತ್ರ.

ಒಪ್ಪಿಗೆಯನ್ನು ಒಮ್ಮೆ ಕೇಳಿ ಮುಗಿಸುವಂಥದ್ದಲ್ಲವೆಂದು ತಿಳಿಯಿರಿ. ಚಿತ್ರೀಕರಣಕ್ಕೆ ಮೊದಲು ಕೇಳಿ, ಮೊದಲ ಜೋಡಣೆಯನ್ನು ತೋರಿಸಿ ಮತ್ತೊಮ್ಮೆ ಕೇಳಿ, ಹೊರಗೆ ಪ್ರದರ್ಶಿಸುವ ಮೊದಲು ಮಗದೊಮ್ಮೆ ಕೇಳಿ, ಮತ್ತು ‘ಈ ಭಾಗ ಬೇಡ’ ಎಂದರೆ ಎಷ್ಟರಮಟ್ಟಿಗೆ ಒಪ್ಪುವಿರೆಂಬುದನ್ನು ಆರಂಭದಲ್ಲೇ ಹೇಳಿಬಿಡಿ. ಇನ್ನೊಂದು ಮಾತು ಇಲ್ಲಿಯವರೆಗೆ ಯಾರೂ ಎತ್ತಿಲ್ಲ. ಅಜ್ಜನ ತಂಗಿಯ ಮಕ್ಕಳು ಎಲ್ಲೋ ಇದ್ದಾರೆಂದು ನೀವೇ ಬರೆದಿದ್ದೀರಿ. ತಮ್ಮ ತಾಯಿಗೆ ಇಂಥದ್ದೊಂದು ಹಿಂದಿನ ಮನೆ ಇತ್ತೆಂಬುದು ಅವರಿಗೆ ತಿಳಿದಿದೆಯೇ? ನಿಮ್ಮ ತಂದೆಗಿಂತ ಮೊದಲು ಕೇಳಬೇಕಾದವರು ಅವರು. ಅದನ್ನು ಅವರು ತೆರೆಯ ಮೇಲಿಂದ ತಿಳಿಯುವಂತಾಗಬಾರದು.

ಉತ್ತರ: ಸಂಕಲನದ ಮೇಜು

ಕದ್ದು ರೆಕಾರ್ಡ್ ಮಾಡಿರೆಂದು ನಾನು ಹೇಳಲಿಲ್ಲ, ಆದರೆ ನನ್ನ ವಾಕ್ಯ ಹಾಗೆ ಓದಿಸಿಕೊಳ್ಳುತ್ತದೆಂಬುದನ್ನು ಒಪ್ಪುತ್ತೇನೆ. ಮಕ್ಕಳ ವಿಷಯ ನನಗೆ ಹೊಳೆದೇ ಇರಲಿಲ್ಲ. ಸಂಕಲನ ಮಾಡುವವರಿಗೆ ಮೇಜಿನ ಮೇಲಿರುವ ದೃಶ್ಯಗಳಷ್ಟೇ ಕಾಣುತ್ತವೆ, ದೃಶ್ಯದಲ್ಲಿಲ್ಲದವರು ನೆನಪಾಗುವುದಿಲ್ಲ.

ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಎಲ್ಲರೂ ಎಲ್ಲವನ್ನೂ ಒಪ್ಪಿದ ಮೇಲೆಯೇ ಚಿತ್ರ ಮಾಡಬೇಕೆಂದರೆ, ಮನೆಯಲ್ಲಿ ಬಾಯಿ ಮುಚ್ಚಿಸುವ ಶಕ್ತಿ ಯಾರಿಗಿದೆಯೋ ಅವರದೇ ಆವೃತ್ತಿ ಉಳಿಯುತ್ತದೆ. ಐದು ದಶಕ ಹೆಸರೇ ಕೇಳಿಸದ ಹೆಂಗಸಿನ ಪರವಾಗಿ ಮಾತನಾಡುವವರು ನಿಮ್ಮ ಅತ್ತೆ ಒಬ್ಬರೇ. ಅವರ ಹಕ್ಕನ್ನೂ ತಕ್ಕಡಿಗೆ ಹಾಕಬೇಕು.

ಉತ್ತರ: ಮೂಕಚಿತ್ರ

ಇಲ್ಲದ ದೃಶ್ಯದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಅದನ್ನಷ್ಟೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಕುಟುಂಬದ ಚಿತ್ರ ಮಾಡುವವರೆಲ್ಲ ಎಡವುವುದು ಇಲ್ಲಿಯೇ. ಮನೆಯ ಕ್ಯಾಮೆರಾ ಹೊರಬರುವುದು ಸಂಭ್ರಮದ ದಿನಗಳಲ್ಲಿ. ಜಗಳದ ದಿನ, ಯಾರೋ ಗಂಟುಮೂಟೆ ಕಟ್ಟಿಕೊಂಡು ಹೋದ ದಿನ ಅದು ಪೆಟ್ಟಿಗೆಯಲ್ಲೇ ಇರುತ್ತದೆ. ಹಾಗಾಗಿ ಹದಿನಾಲ್ಕು ರೀಲುಗಳನ್ನು ಇದ್ದಂತೆಯೇ ತೋರಿಸಿದರೆ ಸುಖೀ ಕುಟುಂಬವೊಂದು ಕಾಣಿಸುತ್ತದೆ, ಅದೂ ಒಂದು ಬಗೆಯ ಸುಳ್ಳೇ.

ಈ ಖಾಲಿಯನ್ನು ಬೇರೆಯವರು ಹೇಗೆ ನಿಭಾಯಿಸಿದರೆಂಬುದನ್ನು ನೋಡಿ. ರಿಯಾ ತಾಜಿರಿ ಅವರ ಕುಟುಂಬ ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರದಲ್ಲಿತ್ತು. ತಾಯಿಗೆ ಆ ದಿನಗಳ ನೆನಪೇ ಅಳಿಸಿಹೋಗಿತ್ತು. 1991ರ ‘ಹಿಸ್ಟರಿ ಆ್ಯಂಡ್ ಮೆಮೊರಿ’ಯಲ್ಲಿ ಅವರು ಮರುಭೂಮಿಯ ಬಿಸಿಲಿನಲ್ಲಿ ತಾಯಿ ನೀರಿನ ಡಬ್ಬಿ ತುಂಬಿಕೊಳ್ಳುವ ಒಂದೇ ಒಂದು ಬಿಂಬವನ್ನು ತಾವೇ ಅಭಿನಯಿಸಿ ಸೃಷ್ಟಿಸಿದರು. ಕಾಂಬೋಡಿಯದ ರಿತಿ ಪಾನ್ 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡವರು. ಆ ಕಾಲದ ದೃಶ್ಯಗಳೆಂದು ಉಳಿದದ್ದು ಆಳಿದವರೇ ತೆಗೆಸಿದ ಪ್ರಚಾರದ ಚಿತ್ರಗಳು. 2013ರ ‘ದ ಮಿಸ್ಸಿಂಗ್ ಪಿಕ್ಚರ್’ನಲ್ಲಿ ಅವರು ತನ್ನವರನ್ನು ಮಣ್ಣಿನ ಗೊಂಬೆಗಳಾಗಿ ಮಾಡಿಸಿ ಕೂರಿಸಿದರು. ಮೊರಾಕ್ಕೊದ ಅಸ್ಮಾ ಎಲ್ ಮೌದಿರ್ 2023ರ ‘ದ ಮದರ್ ಆಫ್ ಆಲ್ ಲೈಸ್’ನಲ್ಲಿ ತಮ್ಮ ತಂದೆಯ ಕೈಯಿಂದಲೇ ಬಾಲ್ಯದ ಬೀದಿಯ ಪುಟ್ಟ ಮಾದರಿಯನ್ನು ಮಾಡಿಸಿ, ಮನೆಯವರನ್ನು ಅದರ ಸುತ್ತ ಸೇರಿಸಿ 1981ರ ಕಾಸಾಬ್ಲಾಂಕಾ ಗಲಭೆಯ ಬಗ್ಗೆ ಮಾತನಾಡಿಸಿದರು. ಮಾತಿಗೆ ಬಾರದ ತಂದೆಯ ಕೈಗೆ ಕೆಲಸ ಕೊಟ್ಟರೆ ಮಾತು ತಾನಾಗಿ ಬರಬಹುದೆಂಬುದನ್ನು ನಾನು ಕಲಿತದ್ದು ಅಲ್ಲಿಂದ.

ಇವರಲ್ಲಿ ಯಾರೂ ಇಲ್ಲದ ದೃಶ್ಯವನ್ನು ಇತ್ತೆಂದು ತೋರಿಸುವುದಿಲ್ಲ. ಮಣ್ಣಿನ ಗೊಂಬೆಯನ್ನು ಮನುಷ್ಯನೆಂದು ಯಾರೂ ನಂಬುವುದಿಲ್ಲ. ಪಾಲಿ ಮಾಡಿದ್ದು ಬೇರೆ. ಅವರು ನಟರನ್ನಿಟ್ಟು ಸೂಪರ್ ಎಂಟರಲ್ಲಿ ತೆಗೆದ ದೃಶ್ಯಗಳನ್ನು ಮನೆಯ ನಿಜವಾದ ರೀಲುಗಳ ಜೊತೆ ಬೆರೆಸಿ, ಬಹಳ ತಡವಾಗಿ ಗುಟ್ಟು ಬಿಟ್ಟುಕೊಟ್ಟರು. ಅಲ್ಲಿ ಅದಕ್ಕೆ ಕಾರಣವಿತ್ತು, ನೆನಪು ಹೇಗೆ ಹೆಣೆಯಲ್ಪಡುತ್ತದೆ ಎಂಬುದೇ ಆ ಚಿತ್ರದ ವಿಷಯವಾಗಿತ್ತು. ನಿಮ್ಮಲ್ಲಿ ಹಾಗೆ ಮಾಡಿದರೆ ಅಜ್ಜನ ತಂಗಿಯ ಮಕ್ಕಳು ಮುಂದೊಂದು ದಿನ ಆ ನಟಿಯನ್ನೇ ತಾಯಿಯೆಂದು ನೋಡುತ್ತಾರೆ.

ಕ್ಯಾಸೆಟ್‌ಗಳಲ್ಲಿ ಏನಿದೆಯೆಂದು ನೀವು ಹೇಳಿಲ್ಲ. ಸಂಧ್ಯಾ ಸೂರಿಯವರ 2005ರ ‘ಐ ಫಾರ್ ಇಂಡಿಯಾ’ದಲ್ಲಿ, 1965ರಲ್ಲಿ ಬ್ರಿಟನ್ನಿಗೆ ಹೋದ ವೈದ್ಯ ತಂದೆ ಎರಡೆರಡು ಕ್ಯಾಮೆರಾ, ಪ್ರೊಜೆಕ್ಟರ್, ಧ್ವನಿಮುದ್ರಣ ಯಂತ್ರಗಳನ್ನು ಕೊಂಡು ಒಂದೊಂದನ್ನು ಭಾರತದಲ್ಲಿದ್ದ ಮನೆಯವರಿಗೆ ಕಳುಹಿಸಿ, ಪತ್ರದ ಬದಲು ರೀಲುಗಳನ್ನೂ ಧ್ವನಿಯನ್ನೂ ದಶಕಗಳ ಕಾಲ ವಿನಿಮಯ ಮಾಡಿಕೊಂಡದ್ದೇ ಚಿತ್ರದ ಬೆನ್ನೆಲುಬು. ಚಿತ್ರವಿಲ್ಲದ ಧ್ವನಿ ಇದ್ದರೆ, ಇಂದಿನ ಖಾಲಿ ಅಂಗಳದ ಮೇಲೆ ಅದನ್ನು ಕೇಳಿಸಿದರೂ ಸಾಕಾಗುತ್ತದೆ.

ಹಾಡಿನ ಬಗ್ಗೆ ಒಂದು ಎಚ್ಚರಿಕೆ. ಜೊನಾಥನ್ ಕವೆಟ್ 2003ರಲ್ಲಿ ಕಂಪ್ಯೂಟರಿನ ಜೊತೆಗೆ ಉಚಿತವಾಗಿ ಬರುವ ಸಂಕಲನ ತಂತ್ರಾಂಶದಲ್ಲೇ ‘ಟಾರ್ನೇಷನ್’ ಮುಗಿಸಿದರೂ, ಬಿಡುಗಡೆಯ ಹೊತ್ತಿಗೆ ಹಾಡು ಮತ್ತು ತುಣುಕುಗಳ ಹಕ್ಕಿನಿಂದಾಗಿ ವೆಚ್ಚ ಲಕ್ಷಗಟ್ಟಲೆ ಡಾಲರಿಗೆ ಏರಿತು. ಹಿನ್ನೆಲೆಯಲ್ಲಿ ರೇಡಿಯೊದ ಹಾಡು ಕೇಳಿಸುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ ಕೇಳಿದವರಿಂದ: ಹಳೆ ಪೆಟ್ಟಿಗೆ

ಎಲ್ಲರಿಗೂ ಕೃತಜ್ಞತೆಗಳು. ಬರೆಯಲು ಏಳು ವಾರ ತಡವಾದದ್ದಕ್ಕೆ ಕ್ಷಮೆಯಿರಲಿ, ಸ್ಕ್ಯಾನಿಂಗ್ ಮುಗಿಯುವವರೆಗೆ ಕಾದಿದ್ದೆ. ರಂಧ್ರಗಳು ದೊಡ್ಡವು, ಹದಿನಾಲ್ಕೂ ಹಳೆಯ ಬಗೆಯವೇ. ಎರಡು ರೀಲುಗಳಲ್ಲಿ ಹುಳಿ ವಾಸನೆಯಿತ್ತು, ಅವುಗಳ ಮೊದಲ ಕೆಲವು ಅಡಿಗಳು ಉಳಿಯಲಿಲ್ಲ. ಕ್ಯಾಸೆಟ್‌ಗಳಲ್ಲಿ ಐದರಲ್ಲಿ ರೇಡಿಯೊದ ಹಾಡುಗಳಿವೆ, ಒಂದರಲ್ಲಿ ಅಜ್ಜ ಯಾವುದೋ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ. ನಾನು ನಿರೀಕ್ಷಿಸಿದ್ದು ಅದನ್ನಲ್ಲ.

ಅಜ್ಜ ಕಾಣಿಸಿಕೊಳ್ಳುವುದು ಒಂಬತ್ತನೆಯ ರೀಲಿನಲ್ಲಿ ಮಾತ್ರ. ಮೊದಲರ್ಧದಲ್ಲಿ ಅವರ ತಂಗಿ ಅಂಗಳದ ಕಟ್ಟೆಯ ಮೇಲೆ ಕುಳಿತು ಮಗುವಿನ ತಲೆ ಬಾಚುತ್ತಿದ್ದಾರೆ, ಎದ್ದು ಕ್ಯಾಮೆರಾದತ್ತ ಕೈ ಚಾಚುತ್ತಾರೆ, ಕಿತ್ತಳೆ ಬಣ್ಣದ ಹೊಳಪು ಬರುತ್ತದೆ. ಅದಾದ ಮೇಲೆ ಅದೇ ಕಟ್ಟೆಯ ಮೇಲೆ ಅಜ್ಜ ಕುಳಿತಿದ್ದಾರೆ, ಅದೇ ಮಗು, ತಲೆ ಇನ್ನೂ ಅರ್ಧ ಬಾಚಿದ ಹಾಗೆಯೇ ಇದೆ. ಆದ್ದರಿಂದ ಅಲ್ಲಿ ಕಳೆದದ್ದು ಐದು ತಿಂಗಳಲ್ಲ, ಐದು ನಿಮಿಷ. ಕ್ಯಾಮೆರಾ ಎಡಕ್ಕೆ ತುಸು ವಾಲಿದೆ, ಅಜ್ಜ ಏನೋ ಹೇಳುತ್ತಾ ಕೈಸನ್ನೆಯಿಂದ ನೇರ ಮಾಡೆಂದು ತೋರಿಸುತ್ತಾರೆ, ಅದು ನೇರವಾಗುವುದಿಲ್ಲ.

ಇದನ್ನು ತಂದೆಗೆ ತೋರಿಸಿದೆ. ರೆಕಾರ್ಡ್ ಮಾಡಲಿಲ್ಲ, ಕ್ಯಾಮೆರಾವನ್ನು ಕೋಣೆಗೇ ತರಲಿಲ್ಲ. ಆ ಮಗು ನೀವೇ ಅಲ್ಲವೇ ಎಂದು ಕೇಳಿದಾಗ ‘ನಾನಲ್ಲ, ಅಕ್ಕ’ ಎಂದರು. ಎರಡನೆಯ ಅರ್ಧವನ್ನು ಇನ್ನೊಮ್ಮೆ ಹಾಕಲು ಹೇಳಿದರು. ಮಾರನೆಯ ದಿನ ಅವರೇ ಬಂದು ‘ನನ್ನ ಮುಖ ಬೇಡ, ಬೇಕಿದ್ದರೆ ಧ್ವನಿ ತೆಗೆದುಕೋ, ಹೊರಗೆ ತೋರಿಸುವ ಮೊದಲು ನನಗೆ ಕೇಳಿಸು’ ಎಂದರು. ಅಜ್ಜನ ತಂಗಿಯ ಮಗಳ ವಿಳಾಸ ಅತ್ತೆಯ ಬಳಿ ಇದ್ದೇ ಇತ್ತು! ಪತ್ರವನ್ನು ಅತ್ತೆಯೇ ಬರೆಯುತ್ತಿದ್ದಾರೆ. ಆ ಮನೆಯಿಂದ ಉತ್ತರ ಬರುವವರೆಗೆ ಏನನ್ನೂ ಜೋಡಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಸದ್ಯ ನನ್ನ ಬಳಿ ತಂದೆಯ ಧ್ವನಿಯ 22 ನಿಮಿಷಗಳಿವೆ. ಮೊದಲ ಒಂಬತ್ತು ನಿಮಿಷ ಅವರು ಆ ಕ್ಯಾಮೆರಾದ ಬಗ್ಗೆಯಷ್ಟೇ ಮಾತನಾಡುತ್ತಾರೆ, ಅದಕ್ಕೆ ಕೀಲಿ ಕೊಡುವ ಸದ್ದು ಹೇಗಿತ್ತು, ಅದರ ಚೀಲದ ಗುಂಡಿ ಯಾವಾಗ ಕಿತ್ತುಹೋಯಿತು, ಮಕ್ಕಳು ಅದನ್ನು ಮುಟ್ಟಿದರೆ ಏನಾಗುತ್ತಿತ್ತು ಎಂದು. ಅಜ್ಜನ ತಂಗಿಯ ಹೆಸರು ಬರುವುದು ಹತ್ತನೆಯ ನಿಮಿಷದಲ್ಲಿ. 40 ನಿಮಿಷಗಳ ಚಿತ್ರದಲ್ಲಿ ಆ ಒಂಬತ್ತು ನಿಮಿಷಗಳಿಗೆ ಜಾಗವಿದೆಯೇ ಎಂಬುದು ನನ್ನ ಈಗಿನ ಪ್ರಶ್ನೆ.

ಉತ್ತರ: ಸಂಕಲನದ ಮೇಜು

ಮೊದಲ ಜೋಡಣೆಯಲ್ಲಿ ಒಂದು ಸೆಕೆಂಡನ್ನೂ ತೆಗೆಯಬೇಡಿ. ಎಲ್ಲಿ ಕತ್ತರಿಸಬೇಕೆಂಬುದನ್ನು ಅದನ್ನು ತಂದೆಯವರಿಗೆ ಕೇಳಿಸಿದ ಮೇಲೆ ನೋಡೋಣ.